ಹಾರಲು ಕಲಿಸುವವರ ಹೊಣೆ

ಕಳೆದ ವಾರ್ಷಿಕೋತ್ಸವದ ಸಂಜೆ ಬಹುಮಾನಗಳ ವಿನಿಯೋಗವು ಮುಗಿದು, ತಂದೆತಾಯಿಗಳು ಶಾಲೆಯ ಅಂಗಳದ ಮರದಡಿಯಲ್ಲಿ ನಿಂತು ಕಾಫಿ ಸೇವಿಸುತ್ತಿದ್ದಾಗ, ಜಗಳೂರಿನ ಕಡೆಯಿಂದ ಬಂದಿದ್ದ ಒಬ್ಬ ಮಹನೀಯರು ನಮ್ಮ ಬಳಿಗೆ ಬಂದರು. ಅವರ ಮಗಳು ನಮ್ಮ ಹಳೆಯ ವಿದ್ಯಾರ್ಥಿನಿ. ವಿಮಾನ ನಡೆಸಲು ಕಲಿಯಬೇಕೆಂದು ಹಟ ಹಿಡಿದಿದ್ದಳು. “ಟೀಚರಮ್ಮನವರೇ, ಯಂತ್ರ ಕೆಟ್ಟರೆ ನೋಡುವವರುಂಟು, ಸರಕಾರದವರ ತನಿಖೆಯೂ ಉಂಟು. ಆದರೆ ಮಗಳ ಪಕ್ಕದಲ್ಲಿ ಕುಳಿತು ಕಲಿಸುವವರು ಎಂಥವರೆಂಬುದನ್ನು ನನ್ನಂಥ ಒಕ್ಕಲಿಗನು ಅರಿಯುವುದು ಹೇಗೆ?” ಎಂದು ಕೇಳಿದರು. ಆ ಸಂಜೆ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ಅನಂತರ ಓದಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡುದನ್ನು ಈ ಸಂಚಿಕೆಯಲ್ಲಿ ನಿವೇದಿಸುತ್ತೇವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ನಮ್ಮಲ್ಲಿಗೆ ಓದಲು ಬಂದ ಬಾಲಿಕೆಯರು ಹಿಂದೆ ಉಪಾಧ್ಯಾಯಿನಿಯರಾದರು, ದಾದಿಯರಾದರು, ಕೆಲವರು ವೈದ್ಯರೂ ಆದರು. ವಿಮಾನವೆಂಬುದು ಅವರ ಪಾಲಿಗೆ ಆಕಾಶದಲ್ಲಿ ಗೆರೆಯೆಳೆದು ಹೋಗುವ ಒಂದು ಸದ್ದಾಗಿತ್ತು. ಈ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ 2023ನೆಯ ಇಸವಿ ಫೆಬ್ರವರಿ 27ರಂದು ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ನಿಲ್ದಾಣವು ಪ್ರಾರಂಭವಾದಂದಿನಿಂದ ವಿಮಾನವು ನಮ್ಮ ನೆರೆಮನೆಯದಾಯಿತು. 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳನ್ನು ಹಾರಾಟ ಕಲಿಸುವ ಶಾಲೆಗಳಿಗಾಗಿ ಆರಿಸಲಾಯಿತು. ಬೆಂಗಳೂರಿನ ಜಕ್ಕೂರಂತೂ ಅದಕ್ಕೆ ಹಳೆಯ ಹೆಸರು. ಹದಿನಾರು ವರ್ಷ ತುಂಬಿದ ಹುಡುಗಿಗೆ ಶಿಕ್ಷಾರ್ಥಿಯ ಲೈಸೆನ್ಸು ದೊರೆಯಬಹುದು. ಸಂಬಳಕ್ಕಾಗಿ ವಿಮಾನ ನಡೆಸುವ ಲೈಸೆನ್ಸಿಗೆ ಹದಿನೆಂಟು ವರ್ಷ ತುಂಬಿರಬೇಕು, ಪಿ.ಯು.ಸಿ. ತರಗತಿಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿರಬೇಕು, 200 ಗಂಟೆಗಳ ಹಾರಾಟವು ಪೂರೈಸಿರಬೇಕು. ಇದಕ್ಕೆ ತಗಲುವ ಹಣವು ಅನೇಕ ಲಕ್ಷ ರೂಪಾಯಿಗಳು. ಹೊಲವನ್ನೋ ತೋಟವನ್ನೋ ಆಧಾರವಾಗಿಟ್ಟು ಸಾಲ ತರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಆದುದರಿಂದ ಆ ಮಹನೀಯರ ಪ್ರಶ್ನೆಯು ಒಬ್ಬರದಲ್ಲ.

ನಾವು ವಿಮಾನ ನಡೆಸಿದವರಲ್ಲ. ಆದರೆ ಕಲಿಸುವ ಕೆಲಸವನ್ನು ಬಹುಕಾಲದಿಂದ ಮಾಡುತ್ತಿರುವವರು. ನಮ್ಮ ತರಗತಿಯಲ್ಲಿ ಹುಡುಗಿಯೊಬ್ಬಳು ಲೆಕ್ಕವನ್ನು ತಪ್ಪು ಮಾಡಿದರೆ ಸ್ಲೇಟನ್ನು ಒರೆಸಿ ಮತ್ತೆ ಬರೆಯಿಸಬಹುದು. ವಿಮಾನದ ಬೋಧಕರಿಗೆ ಆ ಸೌಕರ್ಯವಿಲ್ಲ. ಶಿಷ್ಯೆಯು ತಪ್ಪು ಮಾಡಿಯೇ ಕಲಿಯಬೇಕು, ಆದರೆ ಆ ತಪ್ಪು ಇಬ್ಬರನ್ನೂ ನೆಲಕ್ಕೆ ಕೆಡವುವಷ್ಟು ಬೆಳೆಯಬಾರದು. ಬೋಧಕರು ಬೇಗನೆ ಕೈಹಾಕಿದರೆ ಶಿಷ್ಯೆಯು ಕಲಿಯಲಿಲ್ಲ. ತಡವಾಗಿ ಕೈಹಾಕಿದರೆ ಇಬ್ಬರೂ ಉಳಿಯಲಿಲ್ಲ. ಈ ಎರಡರ ನಡುವಣ ಒಂದೆರಡು ಕ್ಷಣಗಳ ಅಳತೆಯನ್ನು ಅರಿತಿರುವುದೇ ಅವರ ಮೊದಲನೆಯ ಹೊಣೆಯೆಂದು ನಮಗೆ ತೋರುತ್ತದೆ. ಮಿಕ್ಕ ಹೊಣೆಗಳೆಲ್ಲ ಇದಕ್ಕೆ ಅಂಟಿಕೊಂಡೇ ಬರುವುವು. ಇಬ್ಬರೂ ಕೂಡಿ ಹಾರುವಾಗ ಶಾಸನದ ದೃಷ್ಟಿಯಲ್ಲಿ ವಿಮಾನದ ಅಧಿಪತಿಯು ಬೋಧಕನೇ. ಕೈಯಲ್ಲಿ ಹಿಡಿಕೆ ಶಿಷ್ಯೆಯದಾಗಿದ್ದರೂ ಉತ್ತರವಾದಿತ್ವವು ಆತನದು.

ಈ ವಿವೇಕವು ಲೋಕಕ್ಕೆ ಸುಲಭವಾಗಿ ಬಂದುದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹಾರಲು ಕಲಿಯುತ್ತಿದ್ದ ತರುಣರು ಶತ್ರುವನ್ನು ನೋಡುವುದಕ್ಕೆ ಮುಂಚೆಯೇ ಬಹುಸಂಖ್ಯೆಯಲ್ಲಿ ಸಾಯುತ್ತಿದ್ದರು. ಕಲಿಸುತ್ತಿದ್ದವರಲ್ಲಿ ಅನೇಕರು ರಣರಂಗದಿಂದ ಬಳಲಿ ಬಂದವರು. ಕಲಿಸುವುದರಲ್ಲಿ ಅವರಿಗೆ ಮನಸ್ಸಿರಲಿಲ್ಲ, ಶಿಷ್ಯನ ಕೈಯಲ್ಲಿ ತಮ್ಮ ಪ್ರಾಣ ಹೋದೀತೆಂಬ ಭಯವಿತ್ತು. ಆ ಭಯದಿಂದ ತಾವೇ ಹಿಡಿಕೆಯನ್ನು ಹಿಡಿದು, ಶಿಷ್ಯನನ್ನು ಪ್ರಯಾಣಿಕನಂತೆ ಕುಳ್ಳಿರಿಸಿ, ಅಪಾಯದ ವಿಷಯವನ್ನು ಬಾಯಲ್ಲಿ ಹೇಳಿ ಮುಗಿಸುತ್ತಿದ್ದರು. ಫ್ರಾನ್ಸಿನ ರಣರಂಗದಲ್ಲಿ ಒಂದು ವಿಮಾನದಳಕ್ಕೆ ನಾಯಕರಾಗಿದ್ದ ರಾಬರ್ಟ್ ಸ್ಮಿತ್-ಬ್ಯಾರಿ ಎಂಬವರು, ಹೀಗೆ ಅರೆಕಲಿತು ಬಂದ ಹುಡುಗರು ತಮ್ಮ ಕಣ್ಣೆದುರು ಮಡಿಯುವುದನ್ನು ಸಹಿಸಲಾರದೆ ಮೇಲಧಿಕಾರಿಗಳಿಗೆ ಬರೆದರು. 1917ರಲ್ಲಿ ಗಾಸ್‌ಪೋರ್ಟ್ ಎಂಬ ಊರಿನ ಶಾಲೆಯನ್ನು ಅವರಿಗೇ ಒಪ್ಪಿಸಲಾಯಿತು. ಆವ್ರೋ 504 ಎಂಬ ವಿಮಾನದಲ್ಲಿ ಇಬ್ಬರಿಗೂ ಹಿಡಿಕೆಗಳನ್ನಿಟ್ಟು, ಶಿಷ್ಯನನ್ನು ಚಾಲಕನ ಪೀಠದಲ್ಲಿಯೇ ಕುಳ್ಳಿರಿಸಿ, ಯಂತ್ರದ ಗದ್ದಲದಲ್ಲಿಯೂ ಮಾತು ಕೇಳುವಂತೆ ಬಾಯಿಂದ ಕಿವಿಗೆ ಒಂದು ಕೊಳವೆಯನ್ನು ಅವರು ಅಳವಡಿಸಿದರು. ಅವರ ಮುಖ್ಯವಾದ ಅಭಿಪ್ರಾಯವೇನೆಂದರೆ, ಅಪಾಯವನ್ನು ಶಿಷ್ಯನಿಂದ ಮರೆಮಾಡಬಾರದು. ಬೋಧಕನು ಜೊತೆಯಲ್ಲಿರುವಾಗಲೇ ಬೇಕೆಂದು ಅದರೊಳಕ್ಕೆ ಕರೆದೊಯ್ದು, ಅದು ಏಕೆ ಬಂದಿತು, ಅದರಿಂದ ಹೇಗೆ ಹೊರಬರಬೇಕು ಎಂಬುದನ್ನು ಶಿಷ್ಯನ ಕೈಗಳಿಂದಲೇ ಮಾಡಿಸಬೇಕು. ಇಂದು ಲೋಕದ ಎಲ್ಲ ಹಾರಾಟದ ಶಾಲೆಗಳ ಪದ್ಧತಿಗೂ ಅಸ್ತಿವಾರವು ಇದೇ.

ಒಂದು ಉದಾಹರಣೆ. ವಿಮಾನದ ರೆಕ್ಕೆಯು ಗಾಳಿಯನ್ನು ಒಂದು ಮಿತಿಯಾದ ಕೋನದಲ್ಲಿ ಎದುರಿಸುವವರೆಗೆ ಮಾತ್ರ ಭಾರವನ್ನು ಹೊರುವುದು. ಮೂತಿಯನ್ನು ಮಿತಿಮೀರಿ ಮೇಲೆತ್ತಿ ವೇಗವು ಕುಂದಿದರೆ, ರೆಕ್ಕೆಯ ಮೇಲಣ ಗಾಳಿಯು ಕಿತ್ತುಹೋಗಿ ವಿಮಾನವು ತಟ್ಟನೆ ಕುಸಿಯುವುದು. ಇದಕ್ಕೆ ಸ್ಟಾಲ್ ಎಂದು ಹೆಸರು. ಆಗ ಹೊಸಬರ ಕೈಯು ಸಹಜವಾಗಿ ಹಿಡಿಕೆಯನ್ನು ಇನ್ನೂ ಹಿಂದಕ್ಕೆ ಸೆಳೆಯುವುದು. ಅದೇ ಮರಣದ ದಾರಿ. ಮುಂದಕ್ಕೆ ಒತ್ತಿ, ಕುಸಿಯುತ್ತಿರುವ ಮೂತಿಯನ್ನು ಇನ್ನೂ ಇಳಿಯಗೊಟ್ಟರೇ ರೆಕ್ಕೆಗೆ ಮತ್ತೆ ಬಲ ಬರುವುದು. ಬೀಳುತ್ತಿರುವಾಗ ನೆಲದ ಕಡೆಗೇ ಮುಖಮಾಡಬೇಕೆಂಬುದು ಪುಸ್ತಕದಲ್ಲಿ ಓದಿ ಬರುವ ವಿದ್ಯೆಯಲ್ಲ. ಆದುದರಿಂದ ಬೋಧಕರು ನೆಲದಿಂದ ಸಾವಿರಾರು ಅಡಿಗಳ ಎತ್ತರದಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸುವರು. ಅಲ್ಲಿ ತಪ್ಪಿದರೆ ತಿದ್ದಲು ಆಕಾಶವುಂಟು. ನಿಲ್ದಾಣಕ್ಕೆ ಇಳಿಯಲು ತಿರುಗುವ ಕೊನೆಯ ತಿರುವಿನಲ್ಲಿ ತಪ್ಪಿದರೆ ಇಲ್ಲ. ಇದನ್ನು ಒಂದೇ ಸಲ ತೋರಿಸಿ, “ಆಯಿತು, ಬರೆದುಕೋ” ಎಂದು ಪುಸ್ತಕದಲ್ಲಿ ಗುರುತು ಹಾಕುವವನು ಹೊಣೆಗೇಡಿಯೇ ಸರಿ.

ಇನ್ನು ಕೈಯ ವಿಷಯ. ಜಕ್ಕೂರು ಮೊದಲಾದ ಕಡೆಗಳಲ್ಲಿ ಬಳಕೆಯಾಗಿರುವ ಸೆಸ್ನಾ ಎಂಬ ಸಣ್ಣ ವಿಮಾನದಲ್ಲಿ ಇಬ್ಬರೂ ಭುಜಕ್ಕೆ ಭುಜ ತಗಲುವಂತೆ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುವರು. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನದಲ್ಲಿ ಒಬ್ಬರ ಹಿಂದೆ ಒಬ್ಬರು. ಹಿಂದೆ ಮುಂದೆ ಕುಳಿತಾಗ ಬೋಧಕರಿಗೆ ಶಿಷ್ಯರ ಮುಖ ಕಾಣದು. ಹಿಡಿಕೆಯ ನಡುಕದಿಂದಲೇ ಅವರ ಮನಸ್ಸನ್ನು ಓದಬೇಕು. ಹೇಗೆ ಕುಳಿತರೂ ಒಂದು ನೇಮವನ್ನು ಬಿಡುವಂತಿಲ್ಲ: ಹಿಡಿಕೆಯು ಈಗ ಯಾರ ವಶದಲ್ಲಿದೆಯೆಂಬುದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು, ಬಾಯಿಬಿಟ್ಟು ಹೇಳಿಯೇ ತೆಗೆದುಕೊಳ್ಳಬೇಕು. ಇವಳು ಹಿಡಿದಿದ್ದಾಳೆಂದು ಅವರೂ, ಅವರು ಹಿಡಿದಿದ್ದಾರೆಂದು ಇವಳೂ ನಂಬಿ ಕುಳಿತರೆ ವಿಮಾನವನ್ನು ಹಿಡಿದವರೇ ಇಲ್ಲವಾಗುವರು. ಮತ್ತೆ ಕೆಲವು ಬೋಧಕರು ಬಾಯಲ್ಲಿ “ನೀನೇ ನಡೆಸು” ಎನ್ನುತ್ತ ತಮ್ಮ ಹಿಡಿಕೆಯನ್ನು ಹಗುರವಾಗಿ ಹಿಡಿದೇ ಇರುವರು. ಶಿಷ್ಯೆಯು ನಯವಾಗಿ ಇಳಿಸಿದೆನೆಂದು ಹಿಗ್ಗುವಳು. ಇಳಿಸಿದ್ದು ಯಾರ ಕೈಯೆಂಬುದು ಅವಳಿಗೆ ತಿಳಿಯದು. ಇದು ದಯೆಯಂತೆ ತೋರಿದರೂ ಮೋಸವೇ. ನಮ್ಮಲ್ಲಿಯೂ ಹುಡುಗಿಯ ಹೊಲಿಗೆಯನ್ನು ತಾವೇ ಮುಗಿಸಿ ಪ್ರದರ್ಶನಕ್ಕಿಡುವ ಅಧ್ಯಾಪಿಕೆಯರು ಇದ್ದರೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು.

ಗದರಿಕೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಹೆದರಿದ ಮನಸ್ಸು ಕಿರಿದಾಗುವುದು. ಒಂದೇ ಮುಳ್ಳನ್ನು, ಒಂದೇ ಅಂಕೆಯನ್ನು ನೋಡುತ್ತ ಉಳಿದುದನ್ನು ಬಿಡುವುದು. ಗದರಿಸಿ ಕಲಿಸುವ ಬೋಧಕನು ತಾನು ಶಿಸ್ತನ್ನು ಕಲಿಸುತ್ತೇನೆಂದು ಭಾವಿಸಬಹುದು, ಆದರೆ ಕಲಿಸುತ್ತಿರುವುದು ಮುಚ್ಚಿಡುವುದನ್ನು. ನಮ್ಮ ಸೀಮೆಯ ಹುಡುಗಿಯರಿಗೆ ಇದರಲ್ಲಿ ವಿಶೇಷವಾದ ಅಪಾಯವುಂಟು. ಹಿರಿಯರ ಮುಂದೆ “ತಿಳಿಯಲಿಲ್ಲ” ಎನ್ನುವುದನ್ನು ನಾವು ಅವರಿಗೆ ಅಭ್ಯಾಸ ಮಾಡಿಸಿಲ್ಲ. ತಲೆಯಾಡಿಸಿ ಸುಮ್ಮನಿರುವುದನ್ನೇ ವಿನಯವೆಂದು ಹೊಗಳಿದ್ದೇವೆ. ಅದರ ಮೇಲೆ ರೇಡಿಯೋ ಮಾತೆಲ್ಲ ಇಂಗ್ಲಿಷಿನಲ್ಲಿ. ಅಂತರರಾಷ್ಟ್ರೀಯ ನಿಯಮದಂತೆ ಚಾಲಕರ ಇಂಗ್ಲಿಷನ್ನು ಆರು ಮೆಟ್ಟಿಲುಗಳಲ್ಲಿ ಅಳೆದು, ಕನಿಷ್ಠ ನಾಲ್ಕನೆಯ ಮೆಟ್ಟಿಲಾದರೂ ಇರಬೇಕೆಂದು ವಿಧಿಸಿರುವರು. ಕನ್ನಡದಲ್ಲಿ ಓದಿದ ನ್ಯಾಮತಿಯ ಹುಡುಗಿಯೊಬ್ಬಳು ಗೋಪುರದವರ ಅಪ್ಪಣೆಯನ್ನು ಅರ್ಧ ಮಾತ್ರ ಹಿಡಿದು, ನಾಚಿಕೆಯಿಂದ “ರಾಜರ್” ಎಂದು ಬಿಟ್ಟಳೆನ್ನಿ. ಆ ಒಂದು ಶಬ್ದದಲ್ಲಿ ಎರಡು ವಿಮಾನಗಳು ಒಂದೇ ಎತ್ತರಕ್ಕೆ ಬಂದಾವು. ಹುಡುಗಿಯ ತಡವರಿಕೆಯನ್ನು ಮಂದಬುದ್ಧಿಯೆಂದು ಎಣಿಸದೆ, ಕೇಳಿಸದಿದ್ದರೆ ಮತ್ತೊಮ್ಮೆ ಹೇಳಿರೆಂದು ಕೇಳುವುದು ಅವಳ ಕರ್ತವ್ಯವೆಂದು ಮೊದಲನೆಯ ವಾರದಲ್ಲಿಯೇ ಬಾಯಿಬಿಡಿಸುವವರು ಒಳ್ಳೆಯ ಬೋಧಕರು. ಈ ಕೆಲಸದ ಅರ್ಧಭಾಗವನ್ನು ಶಾಲೆಯಲ್ಲಿ ನಾವೇ ಮಾಡಿ ಕಳುಹಿಸಬಹುದಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಯಂತ್ರವು ಆಕಾಶದಲ್ಲಿ ನಿಂತುಹೋದರೆ ಏನು ಗತಿಯೆಂದು ತಾಯಂದಿರೆಲ್ಲ ಕೇಳುವರು. ಕೂಡಲೇ ಬೀಳುವುದಿಲ್ಲ. ಸಣ್ಣ ವಿಮಾನವು ಯಂತ್ರವಿಲ್ಲದೆಯೂ ಹದ್ದಿನಂತೆ ತೇಲುತ್ತ ಇಳಿಯಬಲ್ಲುದು. ಆದರೆ ಎಲ್ಲಿ ಇಳಿಯಬೇಕೆಂಬುದನ್ನು ಬೇಗ ನಿಶ್ಚಯಿಸಬೇಕು. ಇದನ್ನು ಕಲಿಸಲು ಬೋಧಕರು, ಶಿಷ್ಯೆಯು ನಿಶ್ಚಿಂತಳಾಗಿರುವ ವೇಳೆಯಲ್ಲಿ ಥ್ರಾಟಲನ್ನು ಹಿಂದಕ್ಕೆಳೆದು, “ಯಂತ್ರ ನಿಂತಿತು, ಈಗೇನು ಮಾಡುವೆ?” ಎನ್ನುವರು. ನಮ್ಮ ನಾಲ್ಕು ತಾಲ್ಲೂಕುಗಳ ಮೇಲೆ ಅಂಥ ಪಾಠ ನಡೆದರೆ ಹೇಗಿದ್ದೀತೆಂದು ನಾವು ಎಷ್ಟೋ ಸಲ ಯೋಚಿಸಿರುವೆವು. ಚನ್ನಗಿರಿಯ ಮೇಲೆ ಹಾರುವಾಗ ಕೆಳಗೆ ಹಸುರು ಜಮಖಾನೆ ಹಾಸಿದಂತೆ ಕಾಣುವುದು. ಅದು ಅಡಿಕೆಯ ತೋಟ. ಮೇಲಿನಿಂದ ಎಷ್ಟು ಮೆತ್ತಗೆ ತೋರಿದರೂ ಅಲ್ಲಿ ಇಳಿಯುವುದೆಂದರೆ ಕಂಬಗಳ ಕಾಡಿಗೆ ಬೀಳುವುದು. ಸೂಳೆಕೆರೆಯೆಂದು ಹಳಬರು ಕರೆಯುವ ಶಾಂತಿಸಾಗರದ ನೀರು ಕನ್ನಡಿಯಂತೆ ಸಮವಾಗಿದ್ದರೂ ಗಾಲಿಯ ವಿಮಾನಕ್ಕೆ ಅದು ನೆಲವಲ್ಲ. ಹೊನ್ನಾಳಿಯ ಕಡೆ ತುಂಗಭದ್ರೆಯ ದಡದ ಗದ್ದೆಗಳಲ್ಲಿ ನೀರು ನಿಂತ ಕಾಲದಲ್ಲಿ ಗಾಲಿಯು ಹೂತು ವಿಮಾನವು ಮೊಗಚುವುದು. ಕೊಯ್ಲಾಗಿ ಒಣಗಿದ ಮೇಲೆ ಅದೇ ಗದ್ದೆ ಆಶ್ರಯವಾದೀತು, ಬದುಗಳಿಗೆ ಅಡ್ಡವಾಗಿ ಓಡದಿದ್ದರೆ. ನ್ಯಾಮತಿಯ ಸುತ್ತಲಿನ ಗುಡ್ಡಗಳ ಸೆರಗಿನಲ್ಲಿ ನೆಲದ ಏರಿಳಿತವು ಮೇಲಿನಿಂದ ಕಾಣದು. ಜಗಳೂರಿನ ಬಯಲು ಸೀಮೆಯೇ ವಿಶಾಲ. ಮಳೆಯಿಲ್ಲದೆ ರೈತನನ್ನು ಅಳಿಸುವ ಆ ಒಣ ನೆಲವು ಇಂಥ ಒಂದು ಗಳಿಗೆಯಲ್ಲಿ ಮಾತ್ರ ಉಪಕಾರಿಯಾದೀತು. ಅಲ್ಲಿಯೂ ವಿದ್ಯುತ್ತಿನ ತಂತಿಗಳುಂಟು. ತಂತಿಯು ಆಕಾಶದಿಂದ ಕಾಣುವುದೇ ಇಲ್ಲ. ಕಂಬಗಳ ಸಾಲನ್ನು ಹುಡುಕಿ, ನಡುವೆ ತಂತಿಯಿದೆಯೆಂದು ತಿಳಿಯಬೇಕೆಂದು ಬೋಧಕರು ಹೇಳಿಕೊಡುವರು.

ಒಕ್ಕಲಿನ ಮನೆಯ ಹುಡುಗಿಗೆ ಇದರಲ್ಲಿ ಪಟ್ಟಣದವರಿಗಿಲ್ಲದ ಒಂದು ಅನುಕೂಲವುಂಟು. ಯಾವ ತಿಂಗಳಲ್ಲಿ ಯಾವ ಹೊಲದಲ್ಲಿ ಏನು ನಿಂತಿರುತ್ತದೆಂಬುದು ಅವಳಿಗೆ ಹುಟ್ಟಿನಿಂದ ಗೊತ್ತು. ಬಲ್ಲ ಬೋಧಕರು ಅದನ್ನು ಕೇಳಿ ತಿಳಿದು, ಅವಳ ಆ ಅರಿವಿನ ಮೇಲೆಯೇ ಪಾಠವನ್ನು ಕಟ್ಟಿಯಾರು.

ಇದು ಬರಿಯ ಅಭ್ಯಾಸದ ಮಾತಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಎದ್ದ ತರಬೇತಿಯ ವಿಮಾನವೊಂದು ದೋಷ ಕಾಣಿಸಿಕೊಂಡು ಹೊನ್ನಿಹಾಳದ ಬಳಿಯ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಎರಡು ದಿನಗಳ ಮೇಲೆ, ಜೂನ್ 1ರಂದು, ವಾಯುಪಡೆಯ ಕಿರಣ್ ತರಬೇತಿ ವಿಮಾನವು ಚಾಮರಾಜನಗರದ ಭೋಗಾಪುರದ ಬಳಿ ನೆಲಕ್ಕುರುಳಿತು. ಅದರಲ್ಲಿದ್ದ ಇಬ್ಬರು ಅಧಿಕಾರಿಗಳು, ಅವರಲ್ಲಿ ಒಬ್ಬರು ಮಹಿಳೆ, ಪೀಠಸಹಿತ ಹೊರಚಿಮ್ಮಿ ಪ್ಯಾರಾಷೂಟಿನಿಂದ ಇಳಿದು ಉಳಿದರು. ಅದೇ ವರ್ಷದ ಮಾರ್ಚಿಯಲ್ಲಿ ಮಧ್ಯಪ್ರದೇಶದ ಬಾಲಾಘಾಟದ ಕಾಡಿನಲ್ಲಿ ಬಿದ್ದ ತರಬೇತಿ ವಿಮಾನದಲ್ಲಿ ಬೋಧಕರೂ ಅವರ ಶಿಷ್ಯೆಯೂ ಇಬ್ಬರೂ ತೀರಿಕೊಂಡರು. ಪ್ರಜೆಗಳ ಶಾಲೆಗಳ ಸಣ್ಣ ವಿಮಾನಗಳಲ್ಲಿ ಚಿಮ್ಮುವ ಪೀಠವಿಲ್ಲ. ಇವನ್ನೆಲ್ಲ ತಂದೆತಾಯಿಗಳನ್ನು ಅಂಜಿಸಲು ಬರೆಯುತ್ತಿಲ್ಲ. ಕಲಿಸುವವರು ತಮ್ಮ ಪ್ರಾಣವನ್ನೂ ಅದೇ ತಕ್ಕಡಿಯಲ್ಲಿಟ್ಟಿರುವರೆಂಬುದನ್ನು ಮರೆಯಬಾರದೆಂದು ಬರೆದೆವು.

ಹವೆಯ ವಿಷಯದಲ್ಲಿ ಬೋಧಕರು ಆಡಬೇಕಾದ ಅತ್ಯಂತ ಕಷ್ಟದ ಮಾತು “ಇಂದು ಬೇಡ” ಎಂಬುದು. ಚೈತ್ರ ವೈಶಾಖಗಳ ಮಧ್ಯಾಹ್ನ ನಮ್ಮ ಬಯಲು ಸೀಮೆಯ ಕಾದ ನೆಲದಿಂದ ಗಾಳಿಯು ಕುದಿದು ಮೇಲೇರಿ, ಸಂಜೆಯೊಳಗೆ ಗೋಪುರದಂಥ ಮೋಡಗಳು ನಿಲ್ಲುವುವು. ಅವುಗಳ ಬುಡದಿಂದ ಇಳಿಗಾಳಿಯು ನೆಲಕ್ಕೆ ಬಡಿದು ನಾಲ್ದಿಕ್ಕಿಗೂ ಹರಿಯುವಾಗ ಇಳಿಯುತ್ತಿರುವ ಸಣ್ಣ ವಿಮಾನವು ತರಗೆಲೆಯೇ ಸರಿ. ಮುಂಗಾರಿನಲ್ಲಿ ಮಲೆನಾಡಿನ ಕಡೆಯಿಂದ ತಗ್ಗಾದ ಮೋಡವು ಗುಡ್ಡಗಳ ತಲೆಯನ್ನು ಮುಚ್ಚುವುದು. ಆದರೆ ಹಾರದ ದಿನ ಯಾರಿಗೂ ಲಾಭವಿಲ್ಲ. ಶಾಲೆಗೆ ಗಂಟೆಯ ಲೆಕ್ಕದಲ್ಲಿ ಹಣ ಬರುವುದು. ಶಿಷ್ಯೆಗೆ ಊಟ ವಸತಿಯ ಖರ್ಚು ನಿಲ್ಲದು. ಬೋಧಕನಿಗೂ ಗಂಟೆಗಳು ಬೇಕು. ಬೋಧಕರಲ್ಲಿ ಕೆಲವರು ದೊಡ್ಡ ವಿಮಾನ ಕಂಪನಿಗಳಲ್ಲಿ ಕೆಲಸ ಸಿಗುವವರೆಗೆ ಗಂಟೆ ಕೂಡಿಸಲೆಂದೇ ಈ ವೃತ್ತಿಗೆ ಬಂದ ತರುಣರು. ಅವರಲ್ಲಿಯೂ ಶ್ರದ್ಧಾವಂತರಿರುವರು, ಅನುಮಾನವಿಲ್ಲ. ಆದರೂ ತನ್ನ ಗಂಟೆಗಳನ್ನು ಎಣಿಸುತ್ತಿರುವ ಗುರುವು ಶಿಷ್ಯೆಯ ಗಂಟೆಗಳನ್ನು ಎಷ್ಟು ಜಾಗರೂಕತೆಯಿಂದ ನೋಡಿಯಾನೆಂಬ ಸಂದೇಹವು ನಮ್ಮನ್ನು ಬಿಟ್ಟಿಲ್ಲ.

ಗಂಟೆಗಳನ್ನು ಬರೆಯುವ ಲಾಗ್‌ಬುಕ್ಕಿಗೆ ಬೋಧಕರ ರುಜು ಬೇಕು. ಈ ರುಜುವಿನಲ್ಲಿಯೇ ಅವರ ಮಾನವಿದೆ. 2011ರಲ್ಲಿ ನಮ್ಮ ದೇಶದಲ್ಲಿ ನಕಲಿ ಅಂಕಪಟ್ಟಿಗಳನ್ನು ಒಪ್ಪಿಸಿ ಲೈಸೆನ್ಸು ಪಡೆದಿದ್ದ ಕೆಲವು ಚಾಲಕರು ಸಿಕ್ಕಿಬಿದ್ದರು. ಹಾರದ ಗಂಟೆಗಳನ್ನು ಹಾರಿದಂತೆ ಬರೆದ ಸಂಗತಿಗಳೂ ಅದೇ ಕಾಲದಲ್ಲಿ ತನಿಖೆಗೆ ಬಂದವು. ಹೀಗೆ ಬರೆದುಕೊಟ್ಟ ಹತ್ತು ಗಂಟೆಗಳು ತಂದೆಯ ಹಣವನ್ನು ಉಳಿಸಿದಂತೆ ತೋರಬಹುದು. ಮುಂದೆ ಆ ಹುಡುಗಿಯ ಹಿಂದೆ ನೂರೆಂಬತ್ತು ಜನರು ಕುಳಿತಿರುವಾಗ ಆ ಹತ್ತು ಗಂಟೆಗಳನ್ನು ಎಲ್ಲಿಂದ ತರುವುದು?

ಈಗ ಒಬ್ಬಳೇ ಹಾರುವ ದಿನದ ಮಾತು. ಇದನ್ನು ಸೋಲೋ ಎನ್ನುವರು. ಇದಕ್ಕೆ ಇಷ್ಟೇ ಗಂಟೆಗಳಾಗಬೇಕೆಂದು ಎಲ್ಲರಿಗೂ ಒಂದೇ ಅಳತೆಯಿಲ್ಲ. ಒಬ್ಬಳಿಗೆ ಹದಿನೈದು ಗಂಟೆ ಸಾಕಾದರೆ ಮತ್ತೊಬ್ಬಳಿಗೆ ಮೂವತ್ತಾದೀತು, ಮೂವತ್ತರವಳು ಕೊನೆಗೆ ಮೇಲಾದ ಚಾಲಕಿಯಾಗಲೂಬಹುದು. ನಮ್ಮ ದೇಶದ ನಿಯಮದಲ್ಲಿ ಸಹಾಯಕ ಬೋಧಕರು ಪೂರ್ಣ ಬೋಧಕರ ಮೇಲ್ವಿಚಾರಣೆಯಲ್ಲಿ ಪಾಠ ಹೇಳಬಹುದು, ಆದರೆ ಮೊದಲನೆಯ ಸೋಲೋ ಹಾರಾಟಕ್ಕೆ ಅಪ್ಪಣೆ ಕೊಡುವ ಅಧಿಕಾರವು ಅವರಿಗಿಲ್ಲ. ಬಹಳ ವಿವೇಕದ ನಿಯಮವಿದು. ಅಪ್ಪಣೆ ಕೊಡುವವರು ನೋಡುವುದು ಒಂದು ಒಳ್ಳೆಯ ಇಳಿತವನ್ನಲ್ಲ. ಕೆಟ್ಟದಾಗಿ ಇಳಿಯುತ್ತಿರುವಾಗ ಶಿಷ್ಯೆಯು ತಾನಾಗಿಯೇ ಅದನ್ನು ಕಂಡು, ಯಂತ್ರಕ್ಕೆ ಪೂರ್ಣಬಲ ಕೊಟ್ಟು, ಮತ್ತೆ ಮೇಲೇರಿ ಸುತ್ತಿಬರುವಳೋ ಎಂಬುದನ್ನು. ತಪ್ಪದಿರುವವಳನ್ನಲ್ಲ, ತಪ್ಪನ್ನು ಒಬ್ಬಳೇ ಹಿಡಿಯಬಲ್ಲವಳನ್ನು ಅವರು ಹುಡುಕುತ್ತಿರುವರು.

ಆ ದಿನ ಸಾಮಾನ್ಯವಾಗಿ ಮುಂಚಿತವಾಗಿ ಹೇಳುವುದಿಲ್ಲ. ಹೇಳಿದರೆ ರಾತ್ರಿ ನಿದ್ರೆ ಬಾರದು. ಬೆಳಗಿನ ಶಾಂತವಾದ ಗಾಳಿಯಲ್ಲಿ ಮೂರು ನಾಲ್ಕು ಸುತ್ತು ಜೊತೆಯಲ್ಲಿ ಹಾರಿ ಇಳಿದ ಮೇಲೆ ಬೋಧಕರು ವಿಮಾನವನ್ನು ನಿಲ್ಲಿಸಿಸಿ, ತಮ್ಮ ಪೀಠದಿಂದ ಇಳಿದು, ಬರಿದಾದ ಪೀಠದ ಪಟ್ಟಿಯನ್ನು ಹಿಡಿಕೆಗೆ ತೊಡರದಂತೆ ಬಿಗಿದು ಕಟ್ಟುವರು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯದೆ ಹೇಳಬೇಕು: ಒಬ್ಬರ ಭಾರ ಕಡಿಮೆಯಾದುದರಿಂದ ವಿಮಾನವು ಬೇಗನೆ ನೆಲ ಬಿಡುವುದು, ಚುರುಕಾಗಿ ಏರುವುದು, ಇಳಿಯುವಾಗ ನೆಲದ ಮೇಲೆ ಹೆಚ್ಚು ದೂರ ತೇಲುವುದು. ಇದನ್ನು ಕೇಳದವಳು ತನ್ನ ಕೈಯಲ್ಲಿಯೇ ಏನೋ ಕೆಟ್ಟಿತೆಂದು ಗಾಬರಿಯಾದಾಳು. ಅನಂತರ ಒಂದೇ ಸುತ್ತು: ಏರುವುದು, ನಾಲ್ಕು ತಿರುವು, ಇಳಿಯುವುದು. ಬೋಧಕರು ನೆಲದ ಮೇಲೆ ರೇಡಿಯೋ ಹಿಡಿದು ನಿಂತಿರುವರು. ಕಾಪಿಯಿಲ್ಲದೆ, ಕೈಯಾಸರೆಯಿಲ್ಲದೆ, ಹದ್ದಿನ ಮರಿಯು ಗೂಡಿನಿಂದ ಎದ್ದ ಗಳಿಗೆ ಅದು. ಆ ದೃಷ್ಟಾಂತವನ್ನು ನಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ಕೇಳದ ವಿದ್ಯಾರ್ಥಿನಿಯಿರಲಾರಳು. ಶಿಷ್ಯೆಯು ಇಳಿದು ಬಂದ ಮೇಲೆ ತಲೆಯ ಮೇಲೆ ಬಕೀಟು ನೀರು ಸುರಿಯುವ ತಮಾಷೆ ಅನೇಕ ಶಾಲೆಗಳಲ್ಲುಂಟು.

ಮುಂದೆ ಲೈಸೆನ್ಸಿಗಾಗಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು 300 ನಾವಿಕ ಮೈಲಿಗಳನ್ನು ಒಬ್ಬಳೇ ಕ್ರಮಿಸುವ ದಿನವೂ ಬರುವುದು. ಆಗ ಬೋಧಕರ ಕಣ್ಣು ಅವಳನ್ನು ಮುಟ್ಟಲಾರದು. ನಕ್ಷೆಯನ್ನೂ ಹವೆಯನ್ನೂ ಪೆಟ್ರೋಲನ್ನೂ ಹೊರಡುವುದಕ್ಕೆ ಮುಂಚೆ ಅವಳೊಡನೆ ಕುಳಿತು ನೋಡಿದ್ದರೆ ಅವರ ಕೆಲಸವು ಮುಗಿಯಿತು. ನೋಡದೆ ರುಜು ಹಾಕಿದ್ದರೆ ಮುಗಿದಿಲ್ಲ.

ಹೆಣ್ಣುಮಕ್ಕಳನ್ನು ಕಲಿಸಲು ಒಪ್ಪುವುದೇ ಒಂದು ಕಾಲದಲ್ಲಿ ದೊಡ್ಡ ಮಾತಾಗಿತ್ತು. ಅಮೇರಿಕದ ಬೆಸ್ಸಿ ಕೋಲ್ಮನ್ ಎಂಬ ನೀಗ್ರೋ ತರುಣಿಯನ್ನು ಅವಳ ಬಣ್ಣಕ್ಕಾಗಿಯೂ ಹೆಣ್ತನಕ್ಕಾಗಿಯೂ ಅಲ್ಲಿನ ಹಾರಾಟದ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಅವಳು ಫ್ರೆಂಚ್ ಭಾಷೆ ಕಲಿತು ಫ್ರಾನ್ಸಿಗೆ ಹೋಗಿ 1921ರಲ್ಲಿ ಲೈಸೆನ್ಸು ಪಡೆದಳು. ಅದೇ ವರ್ಷ ಅಮೀಲಿಯಾ ಇಯರ್‌ಹಾರ್ಟಳಿಗೆ ಪಾಠ ಹೇಳಿದವಳು ನೀಟಾ ಸ್ನೂಕ್ ಎಂಬ ಮತ್ತೊಬ್ಬ ಹೆಂಗಸು. ನಮ್ಮ ದೇಶದಲ್ಲಿ ಸರಳಾ ಠಕ್ರಾಲ್ ಅವರು 1936ರಲ್ಲಿ ಲಾಹೋರಿನಲ್ಲಿ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದರು. ಮೈಸೂರು ಸಂಸ್ಥಾನಕ್ಕೂ ಈ ಕೀರ್ತಿಯಲ್ಲಿ ಪಾಲುಂಟು. ಮಹಾರಾಜರು ಕೊಟ್ಟ ನೆಲದಲ್ಲಿ ಸ್ಥಾಪಿತವಾದ ಜಕ್ಕೂರಿನ ಸರಕಾರೀ ಹಾರಾಟ ಶಾಲೆಯಿಂದ 1949ರಲ್ಲಿ ಮೊದಲು ಉತ್ತೀರ್ಣರಾದವರು ಶ್ರೀಮತಿ ಉಷಾ ಸುಂದರಂ. ಅವರ ಪತಿ ವಿ. ಸುಂದರಂ ಅವರು ಮಹಾರಾಜರ ಡಕೋಟ ವಿಮಾನದ ಚಾಲಕರಾಗಿದ್ದರು. ದಂಪತಿಗಳಿಬ್ಬರೂ 1951ರಲ್ಲಿ ಡವ್ ಎಂಬ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದು ದಾಖಲೆಯನ್ನು ಸ್ಥಾಪಿಸಿದರು. ಇಂದು ನಮ್ಮ ದೇಶದ ವಿಮಾನ ಚಾಲಕರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಹೆಂಗಸರು. ಇತರ ದೇಶಗಳ ಸರಾಸರಿಗಿಂತ ಇದು ಬಹಳ ಮೇಲು.

ಬಾಗಿಲು ತೆರೆದಿದೆ, ಒಳಗಿನ ನಡತೆಯ ಮಾತೂ ಉಂಟು. ಬೋಧಕನು ಸಣ್ಣದೊಂದು ಕೋಣೆಯಂಥ ಯಂತ್ರದಲ್ಲಿ ತರುಣಿಯೊಬ್ಬಳೊಡನೆ ಗಂಟೆಗಟ್ಟಲೆ ಏಕಾಂತದಲ್ಲಿರುವನು. ಅವಳ ಲೈಸೆನ್ಸು, ತಂದೆಯ ಸಾಲ, ಮುಂದಿನ ಬಾಳು ಇವೆಲ್ಲ ಅವನ ರುಜುವಿನಲ್ಲಿ ತೂಗುತ್ತಿರುವುವು. ಇಷ್ಟು ಅಧಿಕಾರವುಳ್ಳವನು ಮಾತಿನಲ್ಲಾಗಲಿ ಕೈಯಲ್ಲಾಗಲಿ ಮರ್ಯಾದೆಯ ಗೆರೆಯನ್ನು ಮೀರಿದರೆ, ಹುಡುಗಿಯು ಯಾರಿಗೆ ಹೇಳಬೇಕೆಂಬುದು ಸೇರುವ ದಿನವೇ ತಿಳಿದಿರಬೇಕು. 2013ನೆಯ ಇಸವಿಯ ಶಾಸನದಂತೆ ವಿದ್ಯಾಸಂಸ್ಥೆಗಳಲ್ಲಿಯೂ ಇಂಥ ದೂರುಗಳನ್ನು ಕೇಳುವ ಸಮಿತಿಯಿರಬೇಕು. ಈ ವಿಷಯವನ್ನು ಕೇಳಲು ಸಂಕೋಚಪಡುವ ತಾಯಂದಿರಿಗೆ ನಮ್ಮ ಬಿನ್ನಹವಿಷ್ಟೆ: ಸಂಕೋಚವು ನಿಮ್ಮದಾಗಬೇಕಾಗಿಲ್ಲ.

ಆ ಜಗಳೂರಿನ ಮಹನೀಯರಿಗೆ ಕೆಲವು ವಾರಗಳ ಮೇಲೆ ಪತ್ರ ಬರೆದೆವು. ಹಣ ಕಟ್ಟುವುದಕ್ಕೆ ಮುಂಚೆ ಮಗಳೊಡನೆ ಹೋಗಿ ಒಂದು ದಿನ ಪೂರ್ತಿ ಆ ಶಾಲೆಯ ಬೇಲಿಯ ಬಳಿ ನಿಂತು ನೋಡಿರೆಂದೆವು. ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಒಬ್ಬ ಬೋಧಕರ ಪಾಲಿಗೆ ಶಿಷ್ಯರೆಷ್ಟು ಮಂದಿ, ಕಳೆದ ವರ್ಷ ಸೇರಿದವರಲ್ಲಿ ಮುಗಿಸಿದವರೆಷ್ಟು ಎಂದು ಕೇಳಿರಿ. ಇಳಿದು ಬಂದ ಮೇಲೆ ಬೋಧಕರು ಶಿಷ್ಯರೊಡನೆ ಹಲಗೆಯ ಮುಂದೆ ಕುಳಿತು ಆದುದನ್ನು ವಿವರಿಸುವರೋ, ಅಥವಾ ಪುಸ್ತಕಕ್ಕೆ ರುಜು ಹಾಕಿ ಮುಂದಿನವರನ್ನು ಕರೆಯುವರೋ ನೋಡಿರಿ. ಮೋಡ ಕವಿದ ದಿನವಾದರೆ ಇನ್ನೂ ಒಳ್ಳೆಯದು. ಅಂದು ಯಾರು ಯಾರನ್ನು ಹಾರಗೊಡಲಿಲ್ಲವೆಂಬುದು ಕಣ್ಣಿಗೆ ಕಾಣುವುದು.

ಅವರು ಹೋಗಿ ನೋಡಿಬಂದರಂತೆ. ಮೊದಲು ನೋಡಿದ ಶಾಲೆಯನ್ನು ಬಿಟ್ಟು ಎರಡನೆಯದರಲ್ಲಿ ಮಗಳನ್ನು ಸೇರಿಸಿರುವರು. ಕಾರಣವನ್ನು ಕಾರ್ಡಿನಲ್ಲಿ ಬರೆದಿದ್ದರು: ಅಲ್ಲಿ ಒಬ್ಬ ಹುಡುಗನನ್ನು ಹಾರಲು ಬಿಡದೆ ಬೆಂಚಿನ ಮೇಲೆ ಕೂರಿಸಿದ್ದರು, ಅವನ ಪಕ್ಕದಲ್ಲಿಯೇ ಅವನ ಬೋಧಕರೂ ಕುಳಿತಿದ್ದರು.